ದೊಡ್ಡಮ್ಮನ ಸೋರೆಬುರುಡೆ ಸೌಟು

ಇಬಾದಾನ್ ಬಸ್ ನಿಲ್ದಾಣ
ಬುಧವಾರ, ಮಧ್ಯಾಹ್ನ

ಪ್ರೀತಿಯ ಅವೆರೊ ದೊಡ್ಡಮ್ಮನಿಗೆ, ನಿನ್ನ ತಂಗಿಯ ಮಗ ದೊಕುನ್ ಎದೆ ನೆಲಕ್ಕೆ ತಾಗುವಂತೆ ಉದ್ದಕ್ಕೆ ಅಡ್ಡಬಿದ್ದು ಮಾಡುವ ನಮಸ್ಕಾರ.

ಬಿದ್ದಿರುವಾಗಲೇ ಒಂದು ಅಪರಾಧ ಒಪ್ಪಿಕೊಂಡುಬಿಡುತ್ತೇನೆ, ಎದ್ದು ನಿಂತರೆ ಧೈರ್ಯ ಸಾಲುವುದಿಲ್ಲ. ಕಳೆದ ಭಾನುವಾರ ನೀನು ಚರ್ಚಿನಲ್ಲಿ ನಮ್ಮೆಲ್ಲರ ಹಳೆಯ ಪಾಪಗಳಿಗೆ ಕ್ಷಮೆ ಕೇಳುತ್ತಿದ್ದ ಹೊತ್ತಿಗೆ ಸರಿಯಾಗಿ ನಾನು ನಿನ್ನ ಹಿತ್ತಿಲಿನಲ್ಲಿ ಹೊಸದೊಂದನ್ನು ಮಾಡುತ್ತಿದ್ದೆ. ಬಟ್ಟೆಗೆ ನೀಲಿ ಬಣ್ಣ ಹಾಕುವ ಹಂಡೆಗಳ ಹಿಂದಿನ ಗೋಡೆಯ ಮೊಳೆಗೆ ತೂಗುಹಾಕಿದ್ದ ನಿನ್ನ ಸೋರೆಬುರುಡೆಯ ಸೌಟನ್ನು, ಎಡಕ್ಕೊಮ್ಮೆ ಬಲಕ್ಕೊಮ್ಮೆ ನೋಡಿ, ಅಂಗಿಗಳ ಅಡಿಯಲ್ಲಿ ಸುತ್ತಿ ಚೀಲಕ್ಕೆ ಸೇರಿಸಿದೆ. ಕಂಡದ್ದು ನಿನ್ನ ಹುಂಜ ಒಂದೇ. ಅದಕ್ಕೆ ಲಂಚವಾಗಿ ಒಂದು ಹಿಡಿ ಜೋಳ ಹಾಕಿದೆ, ಅದೂ ನಿನ್ನದೇ ಜೋಳ. ಆದ್ದರಿಂದ ಎರಡು ಕಳ್ಳತನ ಎಂದು ಬರೆದುಕೊ.

ಅರಿನೋಲಾ, ಇದನ್ನು ನಿನ್ನಮ್ಮನಿಗೆ ಗಟ್ಟಿಯಾಗಿ ಓದಿ ಹೇಳುತ್ತಿರುವವಳು ನೀನೇ ಎಂದು ಗೊತ್ತು. ಅಮ್ಮ ಬೈಯುವಾಗ ನಿಲ್ಲಿಸು, ಮಿಕ್ಕಂತೆ ನಿಲ್ಲಿಸಬೇಡ. ಒಂದು ಸಾಲನ್ನೂ ಹಾರಿಸಬೇಡ.

ಫೋನ್ ಇರುವಾಗ ಪತ್ರ ಯಾಕೆ ಎಂದು ನೀನು ಕೇಳುತ್ತೀ. ಎರಡು ದಿನದಲ್ಲಿ ನೀನು ಐದು ಸಲ ಕರೆ ಮಾಡಿದ್ದೀ, ನಾನು ಎತ್ತಲಿಲ್ಲ. ಸಿಟ್ಟಲ್ಲ ದೊಡ್ಡಮ್ಮ. ಕಾರಣವಿದೆ, ಕೊನೆಗೆ ಹೇಳುತ್ತೇನೆ. ಈಗ ಹೇಳಿದರೆ ನೀನು ನಗುತ್ತಾ ಕೂತು ಉಳಿದದ್ದನ್ನು ಕೇಳುವುದಿಲ್ಲ.

ಅಬೆಯೊಕುಟಾಕ್ಕೆ ಹೊರಡುವ ಬಸ್ಸಿನ ಪಕ್ಕದ ಬೆಂಚಿನಲ್ಲಿ ಕೂತಿದ್ದೇನೆ. ಡ್ರೈವರ್ ರಫಿಯು ನಿನಗೆ ಗೊತ್ತಿರುವವನೇ, ಮಗಳ ಮದುವೆಗೆ ನಿನ್ನ ಕೈಯ ನೀಲಿ ಚಿತ್ತಾರದ ಆದಿರೆ ಬಟ್ಟೆಯನ್ನೇ ಒಯ್ದವನು. ಪತ್ರ ತಲುಪಿಸುತ್ತೇನೆ ಎಂದಿದ್ದಾನೆ. ಆದರೆ ಬಸ್ಸು ತುಂಬಬೇಕು. ಹದಿನೆಂಟು ಸೀಟಿನಲ್ಲಿ ಹನ್ನೊಂದು ಖಾಲಿ. ನಾಳೆ ಬೆಳಿಗ್ಗೆ ನೀನು ಶುಕ್ರವಾರದ ಇಟೋಕು ಸಂತೆಗಾಗಿ ದೊಡ್ಡ ಹಂಡೆ ತೆರೆಯುತ್ತೀ. ಅಷ್ಟರೊಳಗೆ ಈ ಪತ್ರ ನಿನ್ನ ಕಿವಿಗೆ ಬೀಳದಿದ್ದರೆ ನನ್ನ ಕಳ್ಳತನ ದಂಡ. ದಂಡ ಮಾತ್ರವಲ್ಲ, ಮೊದಲಿಗಿಂತ ಕೆಟ್ಟದ್ದು. ಯಾಕೆಂದರೆ ಭಾನುವಾರ ಊರು ಬಿಟ್ಟು ಅರ್ಧ ದಾರಿ ಬಂದ ಮೇಲೆ ನನಗೆ ಹೊಳೆಯಿತು: ಸೌಟು ಕಳೆದುಕೊಂಡ ಹೆಂಗಸು ಹಂಡೆಯ ಬಣ್ಣದ ರುಚಿ ನೋಡುವುದನ್ನು ಬಿಡುವುದಿಲ್ಲ, ಬೆರಳು ಅದ್ದುತ್ತಾಳೆ. ಸೌಟು ಒಂದಿತ್ತು, ಬೆರಳು ಹತ್ತಿವೆ. ಹತ್ತನ್ನೂ ಕದಿಯಲು ನನ್ನ ಚೀಲದಲ್ಲಿ ಜಾಗವಿಲ್ಲ.

ನಾನು ಆರು ವರ್ಷದವನಾಗಿದ್ದಾಗ ನೀನು ನನ್ನನ್ನು ಹಂಡೆಯ ಪಕ್ಕ ಕೂರಿಸಿದ್ದು ನೆನಪಿದೆಯೇ? ಆಗ ಬೂದಿನೀರಿನ ಕಾಲ. ಕೋಕೋ ಕಾಯಿಯ ಸಿಪ್ಪೆ ಸುಟ್ಟ ಬೂದಿಯನ್ನು ತೂತಿನ ಮಡಕೆಗೆ ತುಂಬಿ, ಮೇಲೆ ನೀರು ಹೊಯ್ದು, ಕೆಳಗಿನ ಮಡಕೆಗೆ ತೊಟ್ಟಿಕ್ಕುವುದನ್ನು ಎರಡು ದಿನ ಕಾಯುವುದು. ಇಳಿದ ನೀರಿನಲ್ಲಿ ಮೊದಲ ತೊಟ್ಟು ನೆಲಕ್ಕೆ, ಬಣ್ಣದವರ ತಾಯಿದೇವತೆ ಇಯಾ ಮಾಪೊಗೆ. ಎರಡನೆಯದು ನಿನ್ನ ನಾಲಿಗೆಗೆ. ಅವತ್ತು ಮೂರನೆಯದನ್ನು ನನಗೆ ಕೊಟ್ಟೆ. "ನೋಡಪ್ಪಾ, ನಾಲಿಗೆ ಜಾರಿದರೆ ನೀರು ಬಲಿತಿದೆ. ಕಚ್ಚಿದರೆ ಅತಿಯಾಗಿದೆ. ಏನೂ ಅನ್ನಿಸದಿದ್ದರೆ ಇನ್ನೂ ನಿದ್ದೆ ಮಾಡ್ತಿದೆ, ಎಬ್ಬಿಸಬೇಡ." ನನ್ನ ನಾಲಿಗೆ ಜಾರಿತು. ಸಾಬೂನಿನ ಹಾಗೆ, ಉಪ್ಪಿನ ಹಾಗೆ, ಸುಟ್ಟ ಕಟ್ಟಿಗೆಯ ಹಾಗೆ. ನೀನು ನನ್ನ ತಲೆಗೆ ಒಂದು ಮೊಟಕಿ ಹೇಳಿದೆ: "ಇವನಿಗೆ ಬರುತ್ತೆ ಕಣ್ರೇ. ಗಂಡಾಗಿ ಹುಟ್ಟಿ ಕೆಟ್ಟ." ಮುಂದೆ ಕಾಲೇಜಿನಲ್ಲಿ ರಸಾಯನಶಾಸ್ತ್ರ ಓದಿ ಪದವಿ ಪಡೆದೆ. ಅಷ್ಟು ಒಳ್ಳೆಯ ಪ್ರಮಾಣಪತ್ರ ಮತ್ತೆ ಯಾರೂ ಕೊಡಲಿಲ್ಲ.

ನಾನು ಓದಲು ಹೋದ ವರ್ಷವೇ ಬೂದಿಯ ಮಡಕೆಗಳು ಬೋರಲಾದವು. ಚೀಲದಲ್ಲಿ ಬಿಳೀ ಹರಳು ಬಂತು, ಸಂತೆಯಲ್ಲಿ ಎಲ್ಲರೂ ಬರಿದೇ ಸೋಡ ಎನ್ನುವ ಕಾಸ್ಟಿಕ್ ಸೋಡ. ಎರಡು ದಿನದ ಕೆಲಸ ಎರಡು ಗಳಿಗೆಗೆ ಇಳಿಯಿತು. ಮಡಕೆ ಹೋಗಿ ಡ್ರಮ್ಮು ಬಂತು, ಬೂದಿ ಹೋಗಿ ಹರಳು ಬಂತು. ಎಲ್ಲ ಬದಲಾಯಿತು, ನಿನ್ನ ನಾಲಿಗೆಯೊಂದನ್ನು ಬಿಟ್ಟು. ಅಕ್ಕಪಕ್ಕದ ವಠಾರಗಳ ಹೆಂಗಸರು ಇವತ್ತಿಗೂ ಬಂದು ಕೈ ಮುಗಿಯುತ್ತಾರೆ: "ಇಯಾ, ಅಮ್ಮಾ, ನಮ್ಮ ಹಂಡೆ ಒಂಚೂರು ನೆಕ್ಕಿ ಹೇಳಿ." ನೀನು ಬಟ್ಟೆ ಸರಿಮಾಡಿಕೊಂಡು, ಸೌಟು ಹಿಡಿದು, ರಾಣಿಯ ಹಾಗೆ ಹೊರಡುತ್ತೀ.

ಈಗ ಎಂಟು ಸೀಟು ಖಾಲಿ. ಕಂಡಕ್ಟರ್ ಹುಡುಗ ಬಂದು ನನ್ನ ಹಾಳೆಗಳನ್ನು ನೋಡಿ, "ಸಾರ್, ಬೈಬಲ್ ಬರೀತಿದೀರಾ?" ಎಂದ. ನಾನು ತಲೆ ಮಾತ್ರ ಆಡಿಸಿದೆ. ಅವನು ಡ್ರೈವರ್ ಕಡೆ ತಿರುಗಿ, "ಪಾಪ, ಮೂಗ," ಎಂದ. ನಾನು ಹಾಳೆ ತಿರುಗಿಸಿದೆ.

ಒಂದು ಮಾತು ಜಂಬಕ್ಕೆ ಹೇಳಿಕೊಳ್ಳಲೇಬೇಕು, ಇಲ್ಲದಿದ್ದರೆ ನನ್ನ ಉಪದೇಶಕ್ಕೆ ಬೆಲೆ ಬರುವುದಿಲ್ಲ. ಹದಿನಾರು ವರ್ಷದಿಂದ ಊರೂರು ತಿರುಗಿ ಬಣ್ಣ ಹಾಕುವವರಿಗೆ ಸೋಡವನ್ನು ಹೇಗೆ ಮುಟ್ಟಬೇಕು, ಹೇಗೆ ಮುಟ್ಟಬಾರದು ಎಂದು ಪಾಠ ಹೇಳುತ್ತಿದ್ದೇನೆ. ಪಾಠ ಶುರುವಾಗುವ ಮೊದಲು ಎರಡು ಅಂಗೈ ಎತ್ತಿ ತೋರಿಸಿ ಸವಾಲು ಹಾಕುತ್ತೇನೆ: "ಈ ಮೈಮೇಲೆ ಸೋಡದಿಂದ ಆದ ಸಾಸಿವೆಯಷ್ಟು ಗಾಯ ತೋರಿಸಿದವರಿಗೆ ಒಂದು ಮೇಕೆ ಬಹುಮಾನ." ಹದಿನಾರು ವರ್ಷ ಆ ಮೇಕೆಯನ್ನು ಯಾರೂ ಗೆದ್ದಿಲ್ಲ. ನಿನ್ನ ಅಂಗಳದಲ್ಲೂ ಹೋದ ಶುಕ್ರವಾರ ಇದೇ ಸವಾಲು ಹಾಕಿದೆ. ನೀನು ನೀಲಿ ಎಲೆಯ ಉಂಡೆ ಕಟ್ಟುತ್ತಿದ್ದವಳು ತಲೆ ಎತ್ತದೆ, "ಕೆಲಸ ಮಾಡದ ಕೈಗೆ ಗಾಯ ಎಲ್ಲಿಂದ ಬರ್ಬೇಕು" ಎಂದೆ. ಹೆಂಗಸರೆಲ್ಲ ಬಿದ್ದು ಬಿದ್ದು ನಕ್ಕರು. ಪಕ್ಕದ ಮನೆಯ ಸಿಕಿರಾತ್ ಅಂತೂ ಬೀನ್ಸ್ ಕಡುಬು ಗಂಟಲಿಗೆ ಸಿಕ್ಕಿಸಿಕೊಂಡಳು.

ಆದರೂ ನಾನು ಬಿಡಲಿಲ್ಲ. ನೀನು ಸೋಡ ತುಂಬಿಟ್ಟ ಹಾಲಿನ ಪುಡಿಯ ಡಬ್ಬಿಯ ಮೇಲೆ ತಲೆಬುರುಡೆಯ ಚಿತ್ರ ಅಂಟಿಸಿದೆ. ಮೊಮ್ಮಕ್ಕಳು ಓಡಾಡುವ ಮನೆ, ಹಾಲೆಂದು ಬಾಯಿಗೆ ಹಾಕಿಕೊಂಡರೆ ಗಂಟಲು ಒಳಗಿನಿಂದಲೇ ಬೆಂದು ಹೋಗುತ್ತದೆ. ನೀನು ಚಿತ್ರವನ್ನು ದೂರ ಹಿಡಿದು ನೋಡಿ, "ಯಾರಿದು? ನಿನ್ನ ದೊಡ್ಡಪ್ಪನ ಥರಾನೇ ಇದೆ. ಅವರೂ ಹೀಗೇ ಸುಮ್ಸುಮ್ನೆ ಹಲ್ಲು ಬಿಡ್ತಿದ್ರು," ಎಂದು ಅದನ್ನು ಕಿತ್ತು, ಸೆರಗಿನಿಂದ ಒರೆಸಿ, ಒಳಗೆ ಫೋಟೋಗಳ ಸಾಲಿನಲ್ಲಿ ಇಟ್ಟೆ. ನಾನು ಅಂಟಿಸಿದ ಬುರುಡೆ ಗೋಡೆಗೆ, ನಿನ್ನ ಸೋರೆಬುರುಡೆ ಬಾಯಿಗೆ, ನಾನು ಬಿಟ್ಟದ್ದೆಲ್ಲ ಬುರುಡೆ ಎಂದು ಊರಿಗೆ.

ಸಿಕಿರಾತ್ ಸೋಡದ ಮೇಲೆ ಬಕೆಟ್ಟಿನಿಂದ ನೀರು ಸುರಿದದ್ದು ನಿನ್ನ ಕಣ್ಣೆದುರಿಗೇ ಅಲ್ಲವೇ. ಎಷ್ಟು ಸಲ ಹೇಳಿದ್ದೇನೆ: ಮೊದಲು ನೀರು, ಆಮೇಲೆ ಚಿಟಿಕೆ ಚಿಟಿಕೆಯಾಗಿ ಸೋಡ. ತಿರುಗಾಮುರುಗಾ ಮಾಡಿದರೆ ಕುದಿದು ಮುಖಕ್ಕೆ ಹಾರುತ್ತದೆ. ಅವಳ ಪುಣ್ಯ, ಮುಂಗೈಗೆ ಮಾತ್ರ ಹಾರಿತು. ಅವಳು ಓಡಿದ್ದು ನೀರಿನ ಕಡೆಗಲ್ಲ, ತಾಳೆ ಎಣ್ಣೆಯ ಸೀಸೆಯ ಕಡೆಗೆ. ನಮ್ಮಲ್ಲಿ ಚೇಳು ಕಡಿದರೂ ತಾಳೆ ಎಣ್ಣೆ, ವಿಷ ಕುಡಿದರೂ ತಾಳೆ ಎಣ್ಣೆ. ನಾನು ಅವಳ ಕೈ ಹಿಡಿದು ನಲ್ಲಿಯ ಕೆಳಗೆ ಇಟ್ಟು, ಒಂದು ಪಾವು ಅಕ್ಕಿ ಬೇಯುವಷ್ಟು ಹೊತ್ತು ಬಿಡಲಿಲ್ಲ. ಆ ಹೊತ್ತೆಲ್ಲ ಅವಳಿಗೆ ಭಾಷಣ ಮಾಡಿದೆ. "ಎಣ್ಣೆ ಹಚ್ಚಿದರೆ ಸೋಡ ಕೆಳಗೆ ಕೂತು ಕೆಲಸ ಮುಂದುವರಿಸುತ್ತೆ. ನೀರು, ನೀರು, ಬರೀ ನೀರು. ಕಣ್ಣಿಗೆ ಬಿದ್ದರೂ ನೀರು. ನುಂಗಿದರೆ ವಾಂತಿ ಮಾಡಿಸಬೇಡಿ, ಸುಟ್ಟ ದಾರಿಯಲ್ಲೇ ಮತ್ತೆ ಮೇಲೆ ಬರುತ್ತೆ. ಬಾಯಿ ತೊಳೆದು ಆಸ್ಪತ್ರೆಗೆ ಓಡಿ." ಸಿಕಿರಾತ್ ಅಳುತ್ತಾ ಹೇಳಿದಳು: "ಅಣ್ಣಾ, ಉರಿ ತಡ್ಕೋಬಹುದು, ನಿಮ್ಮ ಮಾತು ತಡ್ಕೊಳ್ಳೋಕಾಗಲ್ಲ."

ಅದೇ ಸೋಡ, ಅವಳು ಹೋದ ವರ್ಷ ಅಲ್ಯುಮಿನಿಯಂ ಪಾತ್ರೆಯಲ್ಲಿ ಕಲಸಿದಾಗ ಬುಸುಗುಟ್ಟಿ ಪಾತ್ರೆಯ ತಳವನ್ನೇ ತಿಂದು ಹಾಕಿತು. ನೀನು ತೂತಿನಲ್ಲಿ ಬೆರಳು ತೂರಿಸಿ ನಕ್ಕೆ. ನಾನು ಅವತ್ತು ನಗಲಿಲ್ಲ. ಪಾತ್ರೆಯನ್ನು ತಿನ್ನುವುದು ನಿನ್ನ ಗಂಟಲಿಗೆ ಮರ್ಯಾದೆ ಕೊಟ್ಟು ಹಾದುಹೋಗುತ್ತದೆಯೇ ಎಂದು ಲೆಕ್ಕ ಹಾಕುತ್ತಿದ್ದೆ. ಹಂಡೆಯಲ್ಲಿ ತೆಳ್ಳಗಾಗಿರುತ್ತದೆ, ಉಗುಳಿಬಿಡುತ್ತೇನೆ ಎನ್ನುತ್ತೀ. ಇಪ್ಪತ್ತೆಂಟು ವರ್ಷದಿಂದ ಐದು ದಿನಕ್ಕೊಮ್ಮೆ ಉಗುಳಿದ್ದೀ ದೊಡ್ಡಮ್ಮ. ಪ್ರತಿ ಸಲವೂ ಒಂದಿಷ್ಟು ಉಗುಳದೆ ಉಳಿದಿದೆ.

ಐದು ಸೀಟು. ಒಬ್ಬಳು ಮೇಕೆಯ ಜೊತೆ ಬಂದಿದ್ದಾಳೆ. ಮೇಕೆಗೆ ಟಿಕೆಟ್ ಬೇಕೋ ಬೇಡವೋ ಎಂದು ಜಗಳ ನಡೆದಿದೆ. ನಾನು ಎರಡು ಸಲ ಎದ್ದೆ, ಎರಡು ಸಲ ಕೂತೆ. ಅಕ್ಷರ ಸೊಟ್ಟಗಾಗುತ್ತಿದೆ, ಅರಿನೋಲಾ, ಕಣ್ಣು ಕಿರಿದು ಮಾಡಿಯಾದರೂ ಓದು. ಮುಂದಿನ ಮಾತಿಗಾಗಿಯೇ ಇಷ್ಟು ಬರೆದದ್ದು.

ಶನಿವಾರ ನೀನು ಹಂಡೆ ನೋಡುವಾಗ ನಾನು ಕಂಬಕ್ಕೆ ಒರಗಿ ನಿನ್ನನ್ನು ನೋಡುತ್ತಿದ್ದೆ. ಮುಚ್ಚಳ ತೆಗೆದೆ. ಮೇಲಿನ ನೊರೆಯನ್ನು ಊದಿ ಸರಿಸಿದೆ. ಕೆಳಗಿನ ನೀರು ಹಳದಿಯೋ ಹಸಿರೋ ಎಂದು ಬಗ್ಗಿ ನೋಡಿದೆ. ನೊರೆಯ ಮೇಲೆ ತಾಮ್ರದ ಹೊಳಪು ಎಷ್ಟು ದಟ್ಟ ಎಂದು ನೋಡಿದೆ. ಅಷ್ಟರಲ್ಲೇ ನಿನ್ನ ಮುಖದಲ್ಲಿ ತೀರ್ಪು ಬಂದುಬಿಟ್ಟಿತ್ತು. ಆಮೇಲೆ ಸೌಟು ಬಾಯಿಗೆ ಹೋಯಿತು. ಉಗುಳಿ, ಕಣ್ಣು ಮುಚ್ಚಿ, ಸ್ವಲ್ಪ ತಡೆದು, "ಇನ್ನೊಂದು ಬೊಗಸೆ ಸೋಡ" ಎಂದೆ. ಹೆಂಗಸರು ಉಸಿರು ಬಿಟ್ಟರು. ಬಟ್ಟೆ ಅದ್ಭುತವಾಗಿ ಬಂತು. ನನಗೆ ಮಾತ್ರ ಏನೋ ಚುಚ್ಚಿತು. ಸೌಟು ತಡವಾಗಿ ಬಂದ ಸಾಕ್ಷಿಯ ಹಾಗೆ ಕಂಡಿತು.

ಅವತ್ತು ಮಧ್ಯಾಹ್ನ ಊಟಕ್ಕೆ ಅಮಲಾ ಮುದ್ದೆ, ಎವೆಡು ಸೊಪ್ಪಿನ ಲೋಳೆ ಸಾರು. ತಾನಾಗಿಯೇ ಜಾರಿ ಹೋಗುವ ಊಟ. ನೀನು ಕಡಲೆಕಾಳಷ್ಟು ತುತ್ತು ಮುರಿದು, ಒಂದೊಂದು ತುತ್ತಿಗೂ ಒಂದೊಂದು ಗುಟುಕು ನೀರು ಕುಡಿಯುತ್ತಿದ್ದೆ. ಕುತ್ತಿಗೆ ಮುಂದಕ್ಕೆ ಚಾಚಿ ನುಂಗುತ್ತಿದ್ದೆ. ಕೇಳಿದ್ದಕ್ಕೆ, "ವಯಸ್ಸಾದ ಮೇಲೆ ಗಂಟಲೂ ಯೋಚನೆ ಮಾಡಿ ನುಂಗುತ್ತೆ" ಎಂದೆ. ಅರಿನೋಲಾ ನನ್ನನ್ನು ನೋಡಿದಳು, ನಾನು ಅವಳನ್ನು ನೋಡಿದೆ. ಹೌದು ಅರಿನೋಲಾ, ಇದನ್ನೂ ಓದು.

ಭಾನುವಾರ ಬೆಳಿಗ್ಗೆ ನಿನಗೆ ಗಂಜಿ ಮಾಡಿಕೊಟ್ಟವನು ನಾನು. ನಿನ್ನ ಅಡುಗೆಮನೆಯ ಡಬ್ಬಿಗಳ ಮೇಲೆ ಏನೂ ಬರೆದಿಲ್ಲ. ಹದಿನಾರು ವರ್ಷದಿಂದ ಡಬ್ಬಿಯ ಮೇಲೆ ಹೆಸರು ಬರೆಯಿರಿ ಎಂದು ಊರೂರಿಗೆ ಸಾರುವವನು ಕಣ್ಣು ಮುಚ್ಚಿ ನಾಲ್ಕು ಚಮಚ ಹಾಕಿ ಕಲಸಿದೆ. ನೀನು ಬಟ್ಟಲು ಎತ್ತಿ, ಚೂರುಚೂರೇ ಕುಡಿದು, ತಳ ಕೂಡ ಬಿಡದೆ ಮುಗಿಸಿ, "ಸಕ್ಕರೆ ಒಂಚೂರು ಜಾಸ್ತಿ ಆಯ್ತು ಕಣಪ್ಪಾ, ಆದ್ರೂ ನಿನ್ನ ಕೈ ಚೆನ್ನಾಗಿದೆ, ದೇವರು ನಿನ್ನ ಹೆಸರು ಉಳಿಸಲಿ," ಎಂದು ಹರಸಿ ಚರ್ಚಿಗೆ ಹೊರಟೆ. ನಾನು ಪಾತ್ರೆಯಲ್ಲಿ ಉಳಿದದ್ದನ್ನು ಬಾಯಿಗೆ ಹಾಕಿಕೊಂಡೆ. ಉಪ್ಪು. ನಾಲ್ಕು ಚಮಚವೂ ಉಪ್ಪು.

ಅಲ್ಲಿಯೇ ಒಲೆಯ ಪಕ್ಕ ಕೂತುಬಿಟ್ಟೆ. ಇಟೋಕುವಿನ ನಾಲಿಗೆ ಎಂದು ಹೆಸರಾದವಳಿಗೆ ಉಪ್ಪು ಯಾವುದು, ಸಕ್ಕರೆ ಯಾವುದು ಗೊತ್ತಾಗುತ್ತಿಲ್ಲ. ಎಷ್ಟು ದಿನದಿಂದ? ಸಾರಿಗೆ ಉಪ್ಪು ಹಾಕುವುದನ್ನು ಅರಿನೋಲಾಗೆ ಯಾವಾಗ ಬಿಟ್ಟುಕೊಟ್ಟೆ? ಯಾರಿಗೂ ಹೇಳದೆ, ರುಚಿ ಸತ್ತ ನಾಲಿಗೆಯ ಮೇಲೆ ಇನ್ನೂ ಎಷ್ಟು ಹಂಡೆಗಳನ್ನು ಸುರಿದುಕೊಂಡೆ? ಎದ್ದು ಹಿತ್ತಿಲಿಗೆ ಹೋದೆ. ಆಮೇಲಿನದ್ದನ್ನು ಹುಂಜ ಹೇಳುತ್ತದೆ.

ನಿನಗೆ ಮಾಪನದ ಕಾಗದ ತಂದುಕೊಟ್ಟಿದ್ದೆ, ಅದ್ದಿದರೆ ಬಣ್ಣ ತಿರುಗಿ ಸೋಡ ಹೆಚ್ಚೋ ಕಡಿಮೆಯೋ ಹೇಳುವಂಥದ್ದು. ನೀನು ಅದನ್ನು ಕಿವಿ ಕೆರೆದುಕೊಳ್ಳಲು ಬಳಸಿ, "ಕಾಗದ ರುಚಿ ನೋಡಿದ್ರೆ ಕಾಗದಕ್ಕೆ ಮರ್ಯಾದೆ. ನನಗೇನು ಉಳಿತು?" ಎಂದೆ. ಅವತ್ತು ಅದು ತಮಾಷೆ ಅಂದುಕೊಂಡೆ. ಈಗ ಹೇಳುತ್ತೇನೆ ಕೇಳು. ಹಂಡೆಯನ್ನು ಅಳೆಯುತ್ತಿರುವುದು ನಿನ್ನ ನಾಲಿಗೆಯಲ್ಲ. ನಿನ್ನ ಕಣ್ಣು. ನೊರೆಯ ಮೇಲಿನ ತಾಮ್ರವನ್ನು ಓದುವವರು ಅಬೆಯೊಕುಟಾದಲ್ಲಿ ನಿನ್ನ ಹಾಗೆ ಇನ್ನೊಬ್ಬರಿಲ್ಲ, ನನ್ನ ಕಾಗದವೂ ಇಲ್ಲ. ಕೆಲಸವೆಲ್ಲ ಕಣ್ಣು ಮಾಡುತ್ತಿದೆ, ಹೆಸರು ನಾಲಿಗೆಗೆ, ಸುಡುತ್ತಿರುವುದೂ ನಾಲಿಗೆ, ಅದರ ಹಿಂದೆ ಗಂಟಲು. ನಾಳೆ ಹೆಂಗಸರ ಮುಂದೆ ಮುಚ್ಚಳ ತೆಗಿ, ಮೊದಲ ತೊಟ್ಟು ಇಯಾ ಮಾಪೊಗೆ ಹಾಕು, ಬಗ್ಗಿ ನೋಡು, ತೀರ್ಪು ಹೇಳು. ಅಷ್ಟೇ. ಸೌಟು ಎಲ್ಲಿ ಎಂದು ಯಾರಾದರೂ ಕೇಳಿದರೆ ಮಗ ಕದ್ದ ಎನ್ನು. ಕಳ್ಳನ ಅಪಕೀರ್ತಿ ನನಗಿರಲಿ, ಕಣ್ಣಿನ ಕೀರ್ತಿ ನಿನಗಿರಲಿ.

ಇನ್ನೊಂದು ಬೇಡಿಕೆ. ಬರುವ ಸೋಮವಾರಕ್ಕೆ ಇಲ್ಲಿ ಇಬಾದಾನಿನಲ್ಲಿ ಗಂಟಲಿನ ಡಾಕ್ಟರ ಬಳಿ ಹೆಸರು ಬರೆಸಿದ್ದೇನೆ. ಗಂಟಲಿನ ದಾರಿ ಕಿರಿದಾಗಿದ್ದರೆ ಅಗಲ ಮಾಡಲು ಬರುತ್ತದೆಯಂತೆ, ತಡ ಮಾಡಿದರೆ ಕಷ್ಟವಂತೆ. ನಿನಗಾಗಿ ನೀನು ಬರುವವಳಲ್ಲ ಎಂದು ಗೊತ್ತು. ಅದಕ್ಕೇ ಎರಡು ಹೆಸರು ಬರೆಸಿದ್ದೇನೆ.

ಒಂದೇ ಸೀಟು. ಮೇಕೆ ಹೆಂಗಸಿನ ತೊಡೆಯ ಮೇಲೆ ಕೂತಾಯಿತು. ಎಲ್ಲರೂ ಬೆವರುತ್ತಿದ್ದಾರೆ, ರಫಿಯು ಸ್ಟೀರಿಂಗಿನ ಮೇಲೆ ತಾಳ ಹಾಕುತ್ತಿದ್ದಾನೆ. ಅರ್ಧ ಗಂಟೆಯಿಂದ ಯಾರೂ ಬಂದಿಲ್ಲ. ತುಂಬದಿದ್ದರೆ ನಾಳೆ ಬೆಳಿಗ್ಗೆಯೇ ಹೊರಡುವುದಂತೆ. ನಾಳೆ ಬೆಳಿಗ್ಗೆ ಹೊರಟರೆ ಇದು ತಲುಪುವ ಹೊತ್ತಿಗೆ ನೀನು ಬೆರಳು ಅದ್ದಿ ಆಗಿರುತ್ತದೆ. ಪತ್ರ ಕಳಿಸಿ ಮನೆಯಲ್ಲಿ ಬಚ್ಚಿಟ್ಟುಕೊಳ್ಳೋಣ ಎಂದಿದ್ದೆ. ಆಗದು. ಆ ಕೊನೆಯ ಸೀಟು ನಾನೇ ಹಿಡಿಯುತ್ತೇನೆ. ಇನ್ನೆರಡು ಸಾಲು ಬರೆದು ಹತ್ತುತ್ತೇನೆ.

ಹಾಗಾಗಿ ನೀನು ಇದನ್ನು ಕೇಳುವಾಗ ನಾನು ನಿನ್ನ ಎದುರಿಗೇ ನಿಂತಿರುತ್ತೇನೆ, ಬಾಯಿ ಮುಚ್ಚಿಕೊಂಡು. ಪಶ್ಚಾತ್ತಾಪ ಎಂದು ಮರುಗಬೇಡ. ಅರಿನೋಲಾ, ಇಲ್ಲಿಂದ ಮೆಲ್ಲಗೆ ಓದು, ಸಿಕಿರಾತ್ ಗೋಡೆಯಾಚೆ ಇರುತ್ತಾಳೆ.

ಮೊನ್ನೆ ಸೋಮವಾರ ಬೆಳಿಗ್ಗೆ ಚೀಲ ಬಿಚ್ಚಿದೆ. ಸೌಟು ಕೈಗೆ ಬಂತು. ಬಿರುಕಿನಲ್ಲಿ ನೀಲಿ ಹೆಪ್ಪುಗಟ್ಟಿತ್ತು, ಅಂಚಿನಲ್ಲಿ ನಿನ್ನ ಹಲ್ಲು ತಾಗಿ ತಾಗಿ ನುಣುಪಾದ ಜಾಗ. ತೊಳೆಯೋಣ ಎಂದು ಒದ್ದೆ ಮಾಡಿದೆ. ಆರು ವರ್ಷದ ಆ ದಿನ ನೆನಪಾಯಿತು. ಸಾಬೂನಿನ ಹಾಗೆ, ಉಪ್ಪಿನ ಹಾಗೆ, ಸುಟ್ಟ ಕಟ್ಟಿಗೆಯ ಹಾಗೆ. ಮುಂದೆ ಏನಾಯಿತು ಎಂದು ನ್ಯಾಯಾಲಯದಲ್ಲಿ ಕೇಳಿದರೂ ವಿವರಿಸಲಾರೆ. ಕೈಗವಸು ಹಾಕಿಕೊಂಡಿದ್ದೆ ದೊಡ್ಡಮ್ಮ, ಕನ್ನಡಕವನ್ನೂ ಹಾಕಿಕೊಂಡಿದ್ದೆ. ಎಲ್ಲ ರಕ್ಷಣೆಯನ್ನೂ ತೊಟ್ಟು, ಹದಿನಾರು ವರ್ಷದ ಪಾಠವನ್ನೆಲ್ಲ ತಲೆಯಲ್ಲಿಟ್ಟುಕೊಂಡು, ನಾಲಿಗೆ ಚಾಚಿ ಆ ಬಿರುಕನ್ನು ನೆಕ್ಕಿದೆ.

ಜಾರಲಿಲ್ಲ. ಕಚ್ಚಿತು. ಕೂಡಲೇ ಓಡಿದೆ, ಎಲ್ಲಿಗೆ ಎಂದು ಕೇಳಬೇಡ. ನಲ್ಲಿ ನನ್ನ ಬಲಗಡೆಗೇ ಇತ್ತು. ನಾನು ಓಡಿದ್ದು ತಾಳೆ ಎಣ್ಣೆಯ ಸೀಸೆಗೆ. ಅರ್ಧ ಸೀಸೆ ಕುಡಿದ ಮೇಲೆ ನನ್ನ ಭಾಷಣ ನನಗೇ ನೆನಪಾಯಿತು. ನಾಲಿಗೆಯ ತುದಿಯಲ್ಲಿ ಅವರೆಕಾಳಿನಷ್ಟು ಬೊಬ್ಬೆ. ಮೂರು ದಿನದಿಂದ ತಣ್ಣನೆ ಗಂಜಿ, ಮಾತಿಲ್ಲ, ನಾಳೆಯ ಪಾಠ ರದ್ದು. ಡಾಕ್ಟರು ಟಾರ್ಚು ಬಿಟ್ಟು ನೋಡಿ, "ಏನು ಕೆಲಸ ಮಾಡ್ತೀರಿ?" ಎಂದು ಕೇಳಿದರು. ಬರೆದು ತೋರಿಸಿದೆ. ಅವರು ನಗು ತಡೆಯಲು ಕಿಟಕಿಯ ಕಡೆ ತಿರುಗಿದರು. ಬರುವ ಸೋಮವಾರ ಮತ್ತೆ ಬನ್ನಿ ಎಂದಿದ್ದಾರೆ. ಒಬ್ಬನೇ ಹೋಗಲು ನನಗೆ ನಾಚಿಕೆ, ಸ್ವಲ್ಪ ಹೆದರಿಕೆಯೂ. ಜೊತೆಗೆ ಬಾ. ನಾನು ಬಾಯಿ ತೆರೆಯುತ್ತೇನೆ, ಆಮೇಲೆ ನೀನು ತೆರೆ.

ನಿನ್ನ ಕಣ್ಣು ನೂರು ವರ್ಷ ತಾಮ್ರ ಓದಲಿ, ನಿನ್ನ ಗಂಟಲಿನಲ್ಲಿ ಮುದ್ದೆ ಮತ್ತೆ ನೀರಿಲ್ಲದೆ ಇಳಿಯಲಿ.

ಇತಿ, ಬಾಗಿಲಲ್ಲಿ ಬಾಯಿ ಮುಚ್ಚಿ ನಿಂತಿರುವ ನಿನ್ನ ಕಳ್ಳ ಮಗ,
ದೊಕುನ್

ಹದಿನಾರು ವರ್ಷದ ಆ ಮೇಕೆಯನ್ನು ನೀನೇ ಗೆದ್ದೆ. ಬಸ್ಸಿನಲ್ಲಿ ಆ ಹೆಂಗಸನ್ನು ಕೇಳಿ ನೋಡುತ್ತೇನೆ, ಸನ್ನೆಯಲ್ಲಿ.